ಕಂಬದ ಗುಂಡಿ

ಮೈದಾನ ಅನ್ನುವ ಹೆಸರು ಇದಕ್ಕೆ ಆಮೇಲೆ ಬಂತು.
ಮೊದಲು ಗೋಮಾಳದ ಬಾಲ, ನಂತರ ಇಟ್ಟಿಗೆ ಸುಡುವ ಬಯಲು;
ಈಗಲೂ ಮಳೆ ಹುಯ್ದ ಮಾರನೆಯ ದಿನ
ವಾಲಿಬಾಲ್ ಕೋರ್ಟಿನ ಹಿಂಗೆರೆಯಲ್ಲಿ
ಕೆಂಪು ಚೂರುಗಳು ಹಲ್ಲು ಬಿಡುತ್ತವೆ.
ಕೋಲಾರದಿಂದ ಟೇಕಲ್ ರಸ್ತೆ ಹಿಡಿದ ಬಸ್ಸಿನಲ್ಲಿ
ಕಂಡಕ್ಟರು ಕೂಗುವುದು ಇಂದಿಗೂ
"ಇಟ್ಟಿಗೆಗೂಡು, ಯಾರ್ರೀ ಇಟ್ಟಿಗೆಗೂಡು".
ಕ್ರೀಡಾಂಗಣ ಅಂತ ಬೋರ್ಡು ನೆಟ್ಟು ಹನ್ನೊಂದು ವರ್ಷ,
ಅಲ್ಲಿಗೆ ಟಿಕೇಟು ಕೇಳಿದವರಿಲ್ಲ.

ನಾನು ಹೇಳಹೊರಟದ್ದು ಒಂದು ಗುಂಡಿಯ ವಿಷಯ.
ಆಳ ಒಂದೂವರೆ ಮೊಳ, ಅಗಲ ನನ್ನ ಎರಡು ಮುಷ್ಟಿ.
ತೋಡಿದವರು ಹೈಸ್ಕೂಲಿನ ಜವಾನ ಪಿಳ್ಳಪ್ಪ,
ಖೋ ಖೋ ಕಂಬ ನೆಡಲಿಕ್ಕೆ; ನಾನಾಗ ಎಂಟನೇ ಕ್ಲಾಸು.
ಹಾರೆ ಇಟ್ಟಿಗೆಗೆ ತಾಗಿ ಕಿಡಿ ಹಾರಿದಾಗ
"ಗೂಡಿನ್ನೂ ಆರಿಲ್ಲ ಕಣ್ರಮ್ಮೋ" ಅಂದಿದ್ದರು.
ನೀಲಗಿರಿ ಕಂಬ. ಗಂಟು ಕೆತ್ತಿ, ಹರಳೆಣ್ಣೆ ತಿಕ್ಕಿ,
ನಮ್ಮ ಅಂಗೈಗೆ ಸಿಬಿರು ಹತ್ತದ ಹಾಗೆ.

ಆ ಕಂಬಕ್ಕೆ ಕೈಕೊಟ್ಟು ಎಷ್ಟು ಸಲ ತಿರುಗಿದೆನೊ.
ಅಟ್ಟಿಸಿಕೊಂಡು ಹೋಗುವವಳಿಗೆ ಇರುವುದೊಂದೇ ದಿಕ್ಕು.
ಬೆನ್ನ ಹಿಂದೆ ಎದುರಾಳಿ ನಗುತ್ತ ನಿಂತಿದ್ದರೂ
ಕಂಬ ದಾಟದೆ ತಿರುಗುವಂತಿಲ್ಲ,
ತಿರುಗಿದರೆ ಸೀಟಿ.
ಹಾಜಿರಾ ಒಬ್ಬಳೇ ಆ ನಿಯಮಕ್ಕೆ ಸೊಪ್ಪು ಹಾಕದವಳು:
ಕಂಬದ ಬುಡದಲ್ಲಿ ಮೈ ಚೆಲ್ಲಿ
ಆಚೆ ಬದಿಗೆ ಏಳುವಷ್ಟರಲ್ಲಿ ಎದುರಾಳಿ ಔಟು,
ಇವಳು ಮೊಣಕೈಯ ರಕ್ತ ಲಂಗಕ್ಕೆ ಒರೆಸುತ್ತಿದ್ದಳು.

ಕಂಬ ಒಂದು ಕಾಮನ ಹುಣ್ಣಿಮೆಗೆ ಕಳುವಾಯಿತು.
ಗುಂಡಿ ಉಳಿಯಿತು.
ಇರುವ ಗುಂಡಿ ಬಿಟ್ಟು ಹೊಸದು ಯಾರು ತೋಡುತ್ತಾರೆ?
ಬಾಲ್ ಬ್ಯಾಡ್ಮಿಂಟನ್ನಿನ ನೆಟ್ಟು ಅಲ್ಲಿಂದಲೇ ಹೊರಟಿತು,
ರಂಜಾನ್ ನಮಾಜಿಗೆ ಮೈಕಿನ ಗಳು ಅಲ್ಲೇ ನಿಂತಿತು,
ನನ್ನ ತಮ್ಮನ ಬೀಗರೂಟದ ಶಾಮಿಯಾನಕ್ಕೆ ಮೂಲೆಗಂಬವೂ ಅಲ್ಲೇ.
ಕ್ರಿಕೆಟ್ಟಿನವರಿಗೆ ಮಾತ್ರ ಬೇಡವಾಯಿತು:
ಟೊಮೇಟೊ ಕ್ರೇಟು ನಿಲ್ಲಿಸಿದರೆ ವಿಕೆಟ್ಟು,
ಗುಂಡಿಗೆ ಚೆಂಡು ಬಿದ್ದರೆ ಎರಡು ರನ್ನು, ಒಂದು ಜಗಳ.

ಪೊಲೀಸ್ ಕೆಲಸಕ್ಕೆಂದು ಓಡುತ್ತಿದ್ದ ಹುಡುಗಿಯೊಬ್ಬಳು
ನಸುಕಿನಲ್ಲಿ ಅಲ್ಲೇ ಕಾಲು ಹೊರಳಿಸಿಕೊಂಡಳು;
ಆ ವರ್ಷ ಅವಳ ಸೆಲೆಕ್ಷನ್ ಹೋಯಿತು.
ಅದನ್ನೂ ಹೇಳಬೇಕು.
ಅಂದು ಸಂಜೆಯೇ ಪಿಳ್ಳಪ್ಪ, ರಿಟೈರಾದವರು,
ಕಡಪ ಕಲ್ಲಿನ ತುಂಡೊಂದನ್ನು ಸೈಕಲ್ಲಿನಲ್ಲಿ ತಂದು ಮುಚ್ಚಿದರು.
ಯಾರ ಹತ್ತಿರವೂ ಮಾತಾಡಲಿಲ್ಲ.
ಸುತ್ತ ಸುಣ್ಣ ಎಳೆದರು, ಕಣ್ಣಿಗೆ ಹೊಡೆಯುವಂತೆ,
ತೀರಿಕೊಳ್ಳುವವರೆಗೂ, ಪ್ರತಿ ಸೋಮವಾರ.

ಈಗ ಹನ್ನೆರಡರಿಂದ ಎರಡು, ಹುಡುಗರಿಲ್ಲದ ಹೊತ್ತು,
ಮೈದಾನ ಹಾಜಿರಾಳದು.
ಹೆಂಗಸರಿಗೆ ಸ್ಕೂಟರ್ ಕಲಿಸುತ್ತಾಳೆ.
ಕಲ್ಲು ಸರಿಸಿ, ಗುಂಡಿಗೆ ಪೊರಕೆಯ ಕೋಲು ನೆಟ್ಟು,
ತುದಿಗೆ ಕೆಂಪು ರವಿಕೆಯ ತುಂಡು;
ಅದನ್ನು ಸುತ್ತಿ ಎಂಟು ಹಾಕಬೇಕು.
"ಕಂಬ ದಾಟೋವರ್ಗೂ ತಿರುಗ್ಸಬೇಡ!
ದಾಟ್ಲಿ... ದಾಟ್ಲಿ... ಈಗ!"
ಬೇವಿನ ನೆರಳಲ್ಲಿ ಕೂತ ನನ್ನ ಮಂಡಿ
ತಾನಾಗಿ ಏಳಲು ನೋಡುತ್ತದೆ.

ಮೊನ್ನೆ ನಗರಸಭೆಯ ಇಂಜಿನಿಯರು ಟೇಪು ಹಿಡಿದು ಬಂದರು.
ಸಿಂಥೆಟಿಕ್ ಕೋರ್ಟಂತೆ,
ಆಟಕ್ಕೊಂದು ಬಣ್ಣದ ಗೆರೆಯಂತೆ.
ಒಳ್ಳೆಯದೇ. ಮಂಡಿ ತರಚದ ನೆಲ ಯಾರಿಗೆ ಬೇಡ?
ನಕ್ಷೆಯನ್ನು ಕ್ರೇಟಿನ ಮೇಲೆ ಹರಡಿ ಕೇಳಿದರು:
"ಇದೇನಮ್ಮ ಗುಂಡಿ?"
"ಕಂಬದ್ದು."
"ಎಲ್ಲಿದೆ ಕಂಬ?"

ಅವತ್ತು ಪೊರಕೆಯ ಕೋಲು ಇನ್ನೂ ನೆಟ್ಟಿರಲಿಲ್ಲ.
ಹಾಜಿರಾ ಗಲ್ಲ ಎತ್ತಿ ತೋರಿಸಿದಳು, ಅಷ್ಟೆ.
ಅಂಗನವಾಡಿಯ ಗಂಗುಲಮ್ಮ, ಐವತ್ತೆರಡು ವಯಸ್ಸು,
ಎರಡೂ ಕಾಲಲ್ಲಿ ನೆಲ ಕೆರೆಯುತ್ತ,
ಕೋಲಿಲ್ಲ, ಬಟ್ಟೆಯಿಲ್ಲ, ಬರೀ ಬಿಸಿಲು,
ಬಂದಳು, ದಾಟಿದಳು,
ತಿರುಗಿದಳು.